ಕತೆಯ ಹೆಂಗಸಿಗೆ ಉಪ್ಸಾರು

...ಅಥವಾ ಅದು ಹುಣಸೆಹಣ್ಣಿನ ಕಾಲವೇ ಆಗಿರಲಿಲ್ಲವೇನೋ. ಇವತ್ತು ನಂಜನಗೂಡಿನ ಅಂಗಡಿಯೊಂದರಲ್ಲಿ ಹೊಸ ಹುಣಸೆಯ ವಾಸನೆ ಮೂಗಿಗೆ ಬಡಿದಾಗ ತಿ. ನರಸೀಪುರದ ನಮ್ಮ ಜಗಲಿ ನೆನಪಾಯಿತು. ಹಾಗಾಗಿ ಅಲ್ಲಿ ಹುಣಸೆ ಇತ್ತೆಂದು ಈಗ ನಾನೇ ಸೇರಿಸುತ್ತಿರಬಹುದು.

ತೊಂಬತ್ತರ ದಶಕ. ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಕೂತು ಹುಣಸೆಬೀಜ ಬಿಡಿಸುತ್ತಿದ್ದರು. ಪಕ್ಕದ ಮನೆಗೆ ಟೈಪಿಂಗ್ ಕಲಿಸುವ ಮೇಡಂ ಒಬ್ಬರೇ ಬಾಡಿಗೆಗೆ ಬಂದಿದ್ದರು. ಯಾರ ಮನೆಗೂ ಹೋಗುತ್ತಿರಲಿಲ್ಲ, ಯಾರನ್ನೂ ಒಳಗೆ ಕರೆಯುತ್ತಿರಲಿಲ್ಲ. ಒಂದು ದಿನ ಅಮ್ಮ ಕೂಗಿ ಕರೆದದ್ದಕ್ಕೆ ಕೈಯಲ್ಲಿದ್ದ ವಾರಪತ್ರಿಕೆಯ ಸಮೇತ ಬಂದು ಕೂತರು. ಏನು ಮಾತಾಡುವುದೆಂದು ತೋಚದೆ ಅದರಲ್ಲಿನ ಧಾರಾವಾಹಿ ಓದಿದರು. ಆಮೇಲೆ ಅದೇ ವಾರವಾರದ ರೂಢಿಯಾಯಿತು.

ಕತೆಯ ಹೆಂಗಸು ಒಂಟಿ. ಸಂಜೆ ಬಂದು ಬೀಗ ತೆಗೆಯುವಾಗ ಒಳಗೊಂದು ದನಿ ಕೇಳಲಿ ಎಂದು ರೇಡಿಯೋ ಹಾಕಿಟ್ಟೇ ಕೆಲಸಕ್ಕೆ ಹೋಗುತ್ತಾಳೆ. ಬೆಳಗಿನ ಸಾರನ್ನೇ ರಾತ್ರಿ ತಣ್ಣಗೆ ಉಣ್ಣುತ್ತಾಳೆ. ಒಮ್ಮೆಯೂ ಅಳುವುದಿಲ್ಲ. ಅದಕ್ಕೇ ಇರಬೇಕು, ಜಗಲಿಯವರೆಲ್ಲ ಅವಳ ಮೇಲೆ ರೇಗುತ್ತಿದ್ದರು.

"ಬಿಸಿ ಮಾಡ್ಕೊಂಡಾರು ಉಣ್ಬಾರ್ದಾ? ಎಂಥಾ ಮೈಗಳ್ಳಿ!" ಎಂದು ನಮ್ಮ ದೊಡ್ಡಮ್ಮ ಬೈದಳು.

"ಒಬ್ಳಿಗೋಸ್ಕರ ಒಲೆ ಹಚ್ಚೋಕೆ ಬೇಜಾರು ಕಣಮ್ಮ," ಅಂದರು ಮೇಡಂ, ಪತ್ರಿಕೆಯಿಂದ ತಲೆಯೆತ್ತದೆ.

ದೊಡ್ಡಮ್ಮನ ಕೈ ಹುಣಸೆಯ ಮೇಲೇ ನಿಂತಿತು.

ಮಾರನೆಯ ದಿನ ಅವಳು ಉಪ್ಸಾರಿನ ಪಾತ್ರೆ ಹಿಡಿದು ಮೇಡಂ ಮನೆಯ ಬಾಗಿಲು ತಟ್ಟಿದಳು. ಕಲಸಿಕೊಳ್ಳುವ ಖಾರದ ಬಟ್ಟಲು ನನ್ನ ಕೈಯಲ್ಲಿತ್ತು. ಬಾಗಿಲು ಅರ್ಧ ತೆರೆಯಿತು. ಒಳಗೆ ರೇಡಿಯೋ... ಹಾಡುತ್ತಿತ್ತು ಎಂದು ಬರೆಯುವ ಆಸೆಯಾಗುತ್ತದೆ. ನಿಜವಾಗಿ ನೆನಪಿಲ್ಲ.

"ಅಯ್ಯೋ, ಬೇಡಿ. ನನ್ನ ಅಡಿಗೆ ಆಗಿದೆ."

"ನಿಮ್ಗ್ಯಾರು ಕೊಟ್ರು? ಆ ಕತೆ ಹೆಂಗ್ಸಿಗೆ ಕಣ್ ಮೇಡಮ್ಮೋರೇ. ಬಿಸೀಲೇ ಉಣ್ಣಕ್ಕೇಳಿ."

ಬಾಗಿಲು ಮುಚ್ಚಿಬಿಡುತ್ತದೆ ಅಂದುಕೊಂಡೆ. ಮುಚ್ಚಿದ್ದರೆ ದೊಡ್ಡಮ್ಮ ಮತ್ತೆಂದೂ ಆ ಹೊಸಿಲ ಕಡೆ ಹೋಗುತ್ತಿರಲಿಲ್ಲ. ಮೇಡಂ ಕೂಡ ಜಗಲಿಗೆ ಬರುತ್ತಿರಲಿಲ್ಲ. ಅವರು ನನ್ನ ಕೈಯ ಬಟ್ಟಲನ್ನೇ ನೋಡುತ್ತಾ ನಿಂತರು.

"ಅವಳಿಗೆ ಖಾರ ಅಷ್ಟಾಗಿ ಆಗಲ್ಲ," ಅಂದರು. ಆಮೇಲೆ ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟರು.

ಮುಂದಿನ ಕಂತಿನಲ್ಲಿ ಪಕ್ಕದ ಮನೆಯವಳೊಬ್ಬಳು ಒಂಟಿ ಹೆಂಗಸಿಗೆ ಸಾರು ತಂದುಕೊಟ್ಟಳು. ಜಗಲಿ ಗೊಳ್ಳೆಂದಿತು. "ನನ್ ನೋಡ್ಕಂಡೇ ಬರ್ದವ್ರೆ!" ಎಂದು ದೊಡ್ಡಮ್ಮ ಬೀಗಿದಳು. ಖಾಲಿ ಪಾತ್ರೆ ವಾಪಸು ಕೊಡಬಾರದೆಂದು ಮೇಡಂ ಅದರಲ್ಲಿ ಸಕ್ಕರೆ ಹಾಕಿ ಕೊಟ್ಟರು. ಅಲ್ಲಿಂದ ಎರಡು ಮನೆಯ ಪಾತ್ರೆಗಳೂ ಅದಲು ಬದಲಾಗುತ್ತಲೇ ಇದ್ದವು.

ಎರಡು ಸಾವಿರದ ಆಚೀಚೆ ಟೈಪಿಂಗ್ ಕಲಿಯುವವರು ಕಮ್ಮಿಯಾಗಿ, ಮೇಡಂ ನಂಜನಗೂಡಿಗೆ ಹೋದರು. ಹೊರಡುವ ದಿನ ಬೀದಿಯ ಹೆಂಗಸರೆಲ್ಲ ಅವರ ಅಡಿಗೆಮನೆಯಲ್ಲಿದ್ದರು. ಈಗ ದೊಡ್ಡಮ್ಮ ಇಲ್ಲ. ಮೇಡಂ ಕೂಡ ಇಲ್ಲವೆಂದು ಇವತ್ತು ಇಲ್ಲಿ ವಿಚಾರಿಸಿದಾಗ ತಿಳಿಯಿತು. ನಾನು ಕತೆ ಬರೆಯುತ್ತೇನೆ. ನನ್ನ ಒಂಟಿ ಪಾತ್ರಗಳು ಸಾರು ಆರಲು ಬಿಟ್ಟಾಗಲೆಲ್ಲ, ಓದುವವರಲ್ಲಿ ಒಬ್ಬರಾದರೂ ರೇಗಿ ಬಾಗಿಲು ತಟ್ಟಲಿ ಎಂದು ಕಾಯುತ್ತೇನೆ.

ಸಾರು ತಂದ ಆ ಕಂತು ಪತ್ರಿಕೆಯಲ್ಲಿ ಅಚ್ಚಾಗಿತ್ತೋ, ಮೇಡಂ ಪುಟ ನೋಡುತ್ತಾ ತಾವೇ ಕಟ್ಟಿ ಹೇಳಿದರೋ... ನಾವ್ಯಾರೂ ಇಸಕೊಂಡು ನೋಡಲಿಲ್ಲ. ನನಗೆ ಗೊತ್ತಿಲ್ಲ.