ತಂತಿಗೆ ಸಿಕ್ಕ ಗೆರೆ

ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ಗಳಲ್ಲಿ ಮಿಷನ್ ರಿಪೇರಿ ಮಾಡುತ್ತಾ ಕೈ ಪಳಗಿಸಿಕೊಂಡವನು ನಾನು. ಈಗ ಚಿಂತಾಮಣಿಯಲ್ಲಿ ಸ್ವಂತ ಲೇತ್ ಅಂಗಡಿ. ನಮ್ಮ ಕಡೆಯ ರೈಫಲ್ ಕ್ಲಬ್ಬಿನ ಲೈಸೆನ್ಸುದಾರರು ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕೇಸುಗಳನ್ನು ನನಗೇ ತಂದು ಕೊಡುತ್ತಾರೆ. ಹಾರಿಸಿದ ಕೇಸು ಊದಿಕೊಂಡಿರುತ್ತದೆ. ತೊಳೆದು, ಎಣ್ಣೆ ಸವರಿ, ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಅದನ್ನು ಮೊದಲಿನ ಅಳತೆಗೆ ತರುತ್ತೇನೆ. ಮದ್ದು ತುಂಬುವುದು ಅವರ ಕೆಲಸ.

ಒತ್ತುವ ಮೊದಲು ತುದಿ ಬಗ್ಗಿಸಿದ ತಂತಿಯಿಂದ ಕೇಸಿನ ಒಳಗೋಡೆ ಸವರಿ ನೋಡುತ್ತೇನೆ. ಬುಡದ ಹತ್ತಿರ ತಂತಿ ತಡೆದರೆ ಅಲ್ಲಿ ಲೋಹ ತೆಳುವಾಗಿ ಗೆರೆ ಬಿದ್ದಿದೆ ಎಂದರ್ಥ; ಮತ್ತೆ ಹಾರಿಸಿದರೆ ಅಲ್ಲೇ ತುಂಡಾಗುತ್ತದೆ. ಅಂಥವಕ್ಕೆ ಬುಡದಲ್ಲಿ ಕತ್ತರಿ ಗುರುತು ಕೊರೆದು ಗುಜರಿ ಡಬ್ಬಿಗೆ ಹಾಕುತ್ತೇನೆ.

ಕ್ಲಬ್ಬಿನ ಒಬ್ಬ ಸಾಹೇಬರು ಇಂಜಿನಿಯರಿಂಗ್ ಓದಿದವರು. ನಾನು ಎಸೆದ ತಮ್ಮ ಕೇಸುಗಳನ್ನು ಡಬ್ಬಿಯಿಂದ ಆರಿಸಿಕೊಂಡು ಹೋದರು. ಬೇಡವೆಂದರೂ ಕೇಳಲಿಲ್ಲ. ಮುಂದಿನ ಭಾನುವಾರ ಕ್ಲಬ್ಬಿನಲ್ಲಿ, ನಾನೂ ಅಲ್ಲಿದ್ದಾಗ, ಅದರಲ್ಲೊಂದು ಅವರ ರೈಫಲಿನೊಳಗೇ ತುಂಡಾಯಿತು. ನನ್ನ ಗುರುತಿದ್ದ ಬುಡದ ತುಂಡನ್ನು ಜೇಬಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

“ಆರನೇ ಕ್ಲಾಸ್‌ನೋನ ಕೈಗೆ ಕೊಟ್ರೆ ಇನ್ನೇನಾಗುತ್ತೆ? ಹೋಗಪ್ಪ, ಗಾಡಿಗೆ ಕೀಲೆಣ್ಣೆ ಹಾಕ್ಕೊಂಡಿರು!”

ಎಲ್ಲರೂ ನಕ್ಕರು. ಆಮೇಲೆ ಕ್ಲಬ್ಬಿನಿಂದ ಒಂದು ಕೇಸೂ ಬರಲಿಲ್ಲ. ಹೊಟ್ಟೆಗೆ ಬೇರೆ ಕೆಲಸವಿತ್ತು, ಆದರೆ ನನ್ನ ಕೈಯ ಹೆಸರು ಹೋಗಿತ್ತು. ಕಾದೆ.

ನಾಲ್ಕು ತಿಂಗಳ ಮೇಲೆ, ಪಂದ್ಯದ ಹಿಂದಿನ ದಿನ, ಅವರ ಜೀಪು ಅಂಗಡಿ ಮುಂದೆ ನಿಂತಿತು. ತಾವೇ ಒತ್ತಲು ಹೋಗಿ, ಎಣ್ಣೆ ಸವರುವುದನ್ನು ಮರೆತು, ಡೈಯೊಳಗೆ ಕೇಸು ಕಚ್ಚಿಸಿಕೊಂಡಿದ್ದರು.

“ಅಣ್ಣ, ಇದೊಂದು ಬಿಡಿಸಿಕೊಡಣ್ಣ.”

“ಬಿಡಿಸ್ತೀನಿ ಸಾರ್. ಇಲ್ಲಲ್ಲ, ಕ್ಲಬ್ಬಲ್ಲಿ. ಕೇಸೆಲ್ಲಾ ತಗೊಂಬನ್ನಿ, ಅಲ್ಲೇ ಒತ್ತಿಕೊಡ್ತೀನಿ.”

ಮಧ್ಯಾಹ್ನ ಎಲ್ಲರೂ ಸುತ್ತ ನಿಂತಿದ್ದರು. ಕಚ್ಚಿಕೊಂಡಿದ್ದಕ್ಕೆ ತೂತು ಕೊರೆದು, ಬೋಲ್ಟು ತಿರುಗಿಸಿ ಹೊರಗೆಳೆದೆ. ಆಮೇಲೆ ತಂತಿ ತೆಗೆದೆ. ತಂದಿದ್ದು ಎಂಬತ್ತು ಕೇಸು, ಪಂದ್ಯಕ್ಕೆ ಬೇಕಾದ್ದು ಅರವತ್ತು. ಆ ಅಳತೆಯ ರೈಫಲು ಕ್ಲಬ್ಬಿನಲ್ಲಿ ಅವರದೊಂದೇ; ಬೇರೆಯವರ ಹತ್ತಿರ ಕೇಸು ಕೇಳುವಂತಿರಲಿಲ್ಲ.

ತಂತಿ ತಡೆದ ಮೊದಲನೆಯದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ, ಕ್ಲಬ್ಬಿನ ಹಿರಿಯರಾದ ರೇಷ್ಮೆ ವ್ಯಾಪಾರದ ಸಾಬರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

“ಅರೇ, ಕೂದಲಷ್ಟೂ ಉಳಿದಿಲ್ವಲ್ಲ! ಬುಡದಲ್ಲಿ ನಿನ್ನ ಗುರುತೂ ಐತಲ್ಲಪ್ಪ?”

“ಹೂಂ ಸಾಬ್. ನಾನು ಎಸೆದಿದ್ದೇ. ಡಬ್ಬೀಲಿ ಆರಿಸ್ಕೊಂಡು ಹೋಗಿದ್ರು.”

ಸಾಬರು ಅವರ ಕಡೆ ತಿರುಗಿದರು. “ಏನ್ ಸಾಹೇಬ್ರೇ, ಇದು ಸಿಡಿದ್ರೆ ಮುಖ ಬೇಡ್ವಾ ನಿಮಗೆ?”

ಈ ಸಲದ ನಗು ನನ್ನ ಮೇಲಲ್ಲ. ಅವಸರ ಮಾಡದೆ, ಒಂದೊಂದನ್ನೇ ಎತ್ತಿ ತೋರಿಸಿ ಎಸೆದೆ. ಇಪ್ಪತ್ತು ಹೋದವು. ಉಳಿದ ಅರವತ್ತರಲ್ಲಿ ಎರಡು ಅನುಮಾನದವು; ತಂತಿ ತಡೆದೂ ತಡೆಯದ ಹಾಗೆ. ಬೇರೆಯವರದ್ದಾಗಿದ್ದರೆ ಇನ್ನೊಂದು ಸಲಕ್ಕಾಗುತ್ತದೆ ಎಂದು ಬಿಡುತ್ತಿದ್ದೆನೇನೋ.

“ಅವೆರಡು ನಡೆಯುತ್ತೆ ಅನ್ಸುತ್ತೆ, ಅಲ್ವೇನಣ್ಣ?”

“ಅನ್ಸೋದು ನಿಮಗೆ ಸಾರ್. ಸವರಿದ್ದು ನಾನು,” ಎಂದು ಎರಡನ್ನೂ ಇಕ್ಕಳದಲ್ಲಿ ಚಪ್ಪಟೆ ಮಾಡಿದೆ. ಉಳಿದಿದ್ದು ಐವತ್ತೆಂಟು; ಪಂದ್ಯಕ್ಕೆ ಎರಡು ಕಮ್ಮಿ.

ಮರುದಿನ ಅವರು ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂತು ಬೇರೆಯವರ ಪಂದ್ಯ ನೋಡಿದರು. ನಾನೂ ಹೋಗಿದ್ದೆ. ಯಾರು ಗೆದ್ದರೆಂದು ಕೇಳಿದರೆ ಹೇಳಲಾರೆ; ಪೂರ್ತಿ ಹೊತ್ತು ಅವರನ್ನೇ ನೋಡುತ್ತಾ ಕೂತಿದ್ದೆ.