ಗೋಡೆಯ ಮೇಲೆ ಉಳಿದ ಹಸಿರು

ಲಿಂಗರಾಜಪುರದಲ್ಲಿ ನಾನು ಬ್ಲೌಸ್ ಹೊಲಿಯುವ ಅಂಗಡಿಗೂ ಸಾಲೇಹಾಳ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಅವಳು ಹಳೆಯ ಮದುವೆ ಸಿ.ಡಿ.ಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತಾಳೆ. ಮೊದಲು ಶಿವಾಜಿನಗರದ ಶಾದಿಮಹಲುಗಳಲ್ಲಿ ಹೆಂಗಸರ ಕಡೆಯ ವಿಡಿಯೊ ತೆಗೆಯುತ್ತಿದ್ದವಳು. ಪರದೆಯಾಚೆಗೆ ಕ್ಯಾಮೆರಾ ಹಿಡಿದ ಗಂಡಸರಿಗೆ ಪ್ರವೇಶವಿರಲಿಲ್ಲವಲ್ಲ! ಅವಳು ತೆಗೆದವರಲ್ಲಿ ಎಷ್ಟೋ ಮಂದಿ ಈಗಿಲ್ಲ.

"ನಾನು ದಿನಾ ಸತ್ತೋರ ಜೊತೆ ಕೂತ್ಕೊಳ್ಳೋಳು, ಶಾಂತಕ್ಕ" ಎಂದು ಟೀ ಕುಡಿಯುತ್ತಾ ಹೇಳುತ್ತಾಳೆ, ತರಕಾರಿ ಬೆಲೆ ಹೇಳಿದಷ್ಟು ಸಲೀಸಾಗಿ. ನನಗೋ ಮೈ ಜುಮ್ಮೆನ್ನುತ್ತದೆ.

ಅವಳದೊಂದು ಕಟ್ಟುನಿಟ್ಟು. ಹೆಂಗಸರ ಕಡೆಯ ವಿಡಿಯೊ ಪರರ ಕೈಗೆ ಸಿಗಬಾರದು. ಹಾಗಾಗಿ ಕೆಲಸ ಮುಗಿದ ಕೂಡಲೇ ಗಿರಾಕಿಯ ಕಣ್ಣೆದುರೇ ಸಿ.ಡಿ.ಯನ್ನು ಕತ್ತರಿಸಿ ಹಾಕುತ್ತಿದ್ದಳು. ಕಂಪ್ಯೂಟರಿನಲ್ಲಿದ್ದ ಮೂಲ ಪ್ರತಿಯನ್ನೂ ಮತ್ತೆ ಯಾರೂ ಎಬ್ಬಿಸಲಾಗದ ಹಾಗೆ ಅಳಿಸುತ್ತಿದ್ದಳು. ಕತ್ತರಿ ಮಾತ್ರ ನನ್ನದು. ಅದರ ಅಲಗು ಮೊಂಡಾಗುತ್ತದೆಂದು ನಾನು ಬಯ್ಯುತ್ತಲೇ ಇದ್ದೆ, ಅವಳು ಒಯ್ಯುತ್ತಲೇ ಇದ್ದಳು.

ಒಂದು ದಿನ ಫ್ರೇಜರ್ ಟೌನಿನ ರಿಮ್ಶಾ ಬಂದಳು. ಅವಳು ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದರು. ತಾತ ಮನೆಯಲ್ಲಿ ಫೋಟೊ ಇಡಗೊಡುತ್ತಿರಲಿಲ್ಲ. ಉಳಿದದ್ದು ವೋಟರ್ ಕಾರ್ಡಿನಲ್ಲಿ ಬೆದರಿದಂತಿದ್ದ ಮುಖ, ಮತ್ತೆ ಚಿಕ್ಕಮ್ಮನ ಮೆಹಂದಿಯ ಈ ಸಿ.ಡಿ. ಹಸಿರು ದುಪ್ಪಟ್ಟಾ ಹೊದ್ದ ತಾಯಿ ಗೋಡೆಗೊರಗಿ ಕೂತು, ಯಾರಿಗೋ ಏನೋ ಹೇಳಿ ನಕ್ಕು, ಎದ್ದು ಹೋಗುತ್ತಾರೆ. ಅಷ್ಟೇ. ಅದರಲ್ಲೂ ಮುಖವೆಲ್ಲ ಚೌಕ ಚೌಕವಾಗಿ ಒಡೆದುಹೋಗಿತ್ತು.

ಅವರಿಬ್ಬರೂ ಆಡಿದ್ದು ದಖನಿ ಉರ್ದುವಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ; ಖಾಲಾ ಎಂದರೆ ಅವರಲ್ಲಿ ಚಿಕ್ಕಮ್ಮ ಎಂದು ಕರೆದ ಹಾಗೆ.

"ಮುಂದಿನ ತಿಂಗಳು ನನ್ನ ನಿಕಾಹ್, ಖಾಲಾ. ಅಷ್ಟರೊಳಗೆ ಅಮ್ಮನ ಮುಖ ಒಂದ್ಸಲ ಸರಿಯಾಗಿ ನೋಡ್ಬೇಕು."

ಅವಳು ಹೋದ ಮೇಲೆ ಸಾಲೇಹಾ ನನಗೆ ವಿವರಿಸಿದಳು. "ಆಗ ಇಡೀ ಮದುವೇನ ಒಂದೇ ಸಿ.ಡಿ.ಗೆ ತುರುಕ್ತಿದ್ರು. ಜಾಗ ಸಾಲ್ದೆ ಚಿತ್ರ ಹಿಂಗೆ ಒಡೀತಿತ್ತು. ಗೋಡೆ ಅಲ್ಲಾಡಲ್ವಲ್ಲ, ಅದನ್ನ ಹೊಸದಾಗಿ ಬರೀದೆ ಹಳೇದನ್ನೇ ಎಳ್ಕೊಂಡು ಹೋಗೋದು. ಹಂಗಾಗಿ ಗೋಡೆ ಮೇಲೆ ಹಳೇ ಬಣ್ಣದ ಕಲೆ ಉಳ್ಕೊಳ್ಳುತ್ತೆ."

ಚೌಕಗಳ ಅಂಚನ್ನು ಕರಗಿಸಲು ಒಂದು ಫಿಲ್ಟರ್ ಇದೆ. ಕಡಿಮೆ ಹಾಕಿದರೆ ಚೌಕ ಹೋಗದು, ಹೆಚ್ಚಾದರೆ ಕಣ್ಣು ಮೂಗು ಕರಗಿ ಮೇಣದ ಗೊಂಬೆ. ಸಾಲೇಹಾ ಊಟ ಮರೆತು ಕೂತಳು. ಮುಖ ಮುಗಿದ ಮೇಲೆ ಗೋಡೆಯ ಮೇಲಿನ ಕಲೆಗಳನ್ನೂ ಒರೆಸಿದಳು. ಕೈಗೆತ್ತಿಕೊಂಡ ಕೆಲಸ ಅಚ್ಚುಕಟ್ಟಾಗಿರಬೇಕು, ಅವಳ ಜಾಯಮಾನವೇ ಹಾಗೆ.

ರಿಮ್ಶಾ ಬಂದಳು. ನನ್ನನ್ನೂ ಕರೆದರು. ತೆರೆಯ ಮೇಲೆ ತಾಯಿ ನಕ್ಕಾಗ ಸಾಲೇಹಾ ಚಿತ್ರವನ್ನು ನಿಲ್ಲಿಸಿದಳು. ಮುಂದಿನ ಹಲ್ಲು ಒಂಚೂರು ಓರೆ.

"ನನ್ನ ಹಲ್ಲಿನ ಥರಾನೇ!" ಎಂದು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಸುಳ್ಳೇಕೆ, ನಾನೂ ಅತ್ತೆ.

ಆ ಸಂತೋಷದಲ್ಲೇ ಸಾಲೇಹಾ ಪದ್ಧತಿಯಂತೆ ಮೂಲ ಪ್ರತಿಯನ್ನು ಅಳಿಸಿ, ಸಿ.ಡಿ.ಯನ್ನು ಕತ್ತರಿಸಿದಳು. ಆಮೇಲೆ ಪೆನ್‌ಡ್ರೈವಿಗೆ ಹಾಕಿದ್ದ ವಿಡಿಯೊದ ಉಳಿದ ಭಾಗವನ್ನು ಓಡಿಸಿದಳು. ತಾಯಿ ಎದ್ದರು, ಹೋದರು. ತೊಳೆದಿಟ್ಟ ಹಾಗೆ ಗೋಡೆ ಖಾಲಿ.

ರಿಮ್ಶಾ ತೆರೆಯನ್ನೇ ನೋಡುತ್ತಿದ್ದಳು. "ಅಮ್ಮ ಎಲ್ಲಿ?"

"ಎದ್ದು ಹೋದ್ರಲ್ಲಮ್ಮ."

"ಇಷ್ಟು ಬೇಗ ಹೋಗಲ್ಲ ಅವ್ರು." ಅವಳ ದನಿ ಸಣ್ಣದಾಯಿತು. "ಹೋದ್ಮೇಲೂ ಹಸಿರು ಗೋಡೆ ಮೇಲೆ ಸ್ವಲ್ಪ ಹೊತ್ತು ಇರುತ್ತೆ, ಖಾಲಾ. ಚಿಕ್ಕವಳಿದ್ದಾಗ ಟಿ.ವಿ. ಮೇಲೆ ಅಲ್ಲೇ ಕೈ ಇಡ್ತಿದ್ದೆ. ನಾನು ಮುಟ್ಟಲಿ ಅಂತ ಅಮ್ಮ ನಿಂತಿದ್ದಾರೆ ಅನ್ಕೊಳ್ತಿದ್ದೆ."

ಸಿ.ಡಿ.ಯ ಚೂರುಗಳು ನಮ್ಮ ಕಾಲ ಬಳಿ ಬಿದ್ದಿದ್ದವು. ಯಾರೂ ಬಗ್ಗಿ ಎತ್ತಲಿಲ್ಲ.

ಹುಡುಗಿ ಪೆನ್‌ಡ್ರೈವ್ ತೆಗೆದುಕೊಂಡು, ಸಲಾಂ ಹೇಳಿ ಹೋದಳು.

ಕತ್ತರಿಯನ್ನು ಸಾಲೇಹಾ ಅವತ್ತೇ ತಂದುಕೊಟ್ಟಳು. ನಾನು ಇಂದಿಗೂ ಅದರಿಂದ ಬಟ್ಟೆ ಕತ್ತರಿಸಿಲ್ಲ. ಈಗ ಗಿರಾಕಿಗಳು ಎದ್ದು ಹೋದ ಮೇಲೆ ಅವರು ಒರಗಿ ಕೂತಿದ್ದ ಗೋಡೆಯನ್ನೇ ಅವಳು ನೋಡುತ್ತಿರುತ್ತಾಳೆ.

"ಏನೇ, ದೆವ್ವ ಕಾಯ್ತಿದ್ದೀಯಾ?" ಎಂದು ಒಮ್ಮೆ ಛೇಡಿಸಿದೆ. ನನ್ನ ಬಾಯಿಗೆ ಹೊಲಿಗೆ ಹಾಕುವವರಿಲ್ಲ.

ಅವಳು ನನ್ನತ್ತ ತಿರುಗಲಿಲ್ಲ.

"ಅಷ್ಟು ವರ್ಷ ಮಗಳಿಗೋಸ್ಕರ ಹೋಗ್ದೆ ನಿಂತಿದ್ರು, ಶಾಂತಕ್ಕ. ನಾನೇ ಕಳಿಸ್ಬಿಟ್ಟೆ."