ಆರು ಗಾಲಿಯ ಗಾಡಿಗೆ ನಿಂಬೆಹಣ್ಣು

ನಮ್ಮ ಚಿತ್ತವಾಡ್ಗಿಯ ಮಾರೆಪ್ಪ ಸಂಡೂರಿನ ಗಣಿಗಳಲ್ಲಿ ಇಪ್ಪತ್ತೆಂಟು ವರ್ಷ ಟಿಪ್ಪರ್ ಓಡಿಸಿದವನು. ಒಂದು ಅಪಘಾತವನ್ನೂ ಮಾಡಿಕೊಂಡಿಲ್ಲ. ನಿನ್ನ ಕೈ ಒಳ್ಳೆಯದು ಅಂದರೆ ಒಪ್ಪುವುದಿಲ್ಲ. ಅಮಾವಾಸ್ಯೆಗೊಮ್ಮೆ ಗಾಲಿ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಿದ್ದರಿಂದಲೇ ಬದುಕಿದೆ ಅನ್ನುತ್ತಾನೆ. ಪಕ್ಕದ ಮನೆಯವನಾದ ನಾನು ವಾದ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡಿದ್ದೇನೆ.

ಅವನ ಮಗಳು ಭವ್ಯ ಹೊಸಪೇಟೆಯಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಳು. ಊಟಕ್ಕೆ ಕೂತಾಗಲೆಲ್ಲ ಅಪ್ಪನಿಗೆ ಕೊಲಂಬಸ್, ಮೆಗೆಲಾನ್, ಚಂದ್ರನ ಮೇಲೆ ಕಾಲಿಟ್ಟವರ ಕಥೆ. ಕೇಳಿ ಬಂದು ಅವನು ನನ್ನೆದುರು ತಲೆ ಕೆರೆದುಕೊಳ್ಳುತ್ತಿದ್ದ.

"ಇಂಡಿಯಾಕ್ಕ ಹೊಂಟು ಇನ್ನೆಲ್ಲೋ ಹೋದನಂತ ಅಂವ. ದಾರಿ ತಪ್ಪಿದ್ರ ನಮಗ ಮೆಮೊ ಕೊಡ್ತಿದ್ರು. ಅವಗ ಹೆಸರು ಕೊಟ್ಟಾರಲ್ಲೋ!"

ಕಳೆದ ವರ್ಷ ಭವ್ಯ, ಅವಳ ಗೆಳತಿ ಸ್ನೇಹಾ ಸೇರಿ ಆರು ಗಾಲಿಯ ಪುಟ್ಟ ಗಾಡಿ ಕಟ್ಟಿದರು. ಮಂಗಳ ಗ್ರಹದಂಥ ಒಣ ನೆಲದಲ್ಲಿ ತಾನೇ ಓಡಾಡಿ, ಮಣ್ಣಿಗೆ ಸರಳು ಚುಚ್ಚಿ, ತೇವ ಸಿಕ್ಕಲ್ಲಿ ನಿಂತು ಕೆಂಪು ದೀಪ ಹಚ್ಚುವ ಗಾಡಿ. ಇಂಥ ಗಾಡಿಗಳಿಗೆಂದೇ ಕಾಲೇಜುಗಳ ನಡುವೆ ನಡೆಯುವ ಸ್ಪರ್ಧೆಯಲ್ಲಿ ಗೆದ್ದರೆ ದೊಡ್ಡ ಸಂಶೋಧನಾಲಯದಲ್ಲಿ ಒಂದು ವರ್ಷ ಕಲಿಯುವ ಅವಕಾಶ. ಅವರದು ಕೊನೆಯ ವರ್ಷ, ಇನ್ನೊಂದು ಸಲ ಅಂತಿಲ್ಲ.

ಪರೀಕ್ಷೆ ನಡೆದದ್ದು ಸಂಡೂರಿನ ಹತ್ತಿರ, ಕೆಲಸ ನಿಂತ ಗಣಿಯೊಂದರ ಕೆಂಪು ಬಯಲಿನಲ್ಲಿ. ಪರೀಕ್ಷಕ ಶ್ರೀಪತಿಯವರು ಎಲ್ಲೋ ಹೂತಿಟ್ಟ ಒದ್ದೆ ಮಣ್ಣನ್ನು ಗಾಡಿ ಹುಡುಕಬೇಕು. "ಅಪ್ಪಾ, ಅಲ್ಲಿ ಪೂಜಿಗೀಜಿ ಬ್ಯಾಡ" ಅಂತ ಭವ್ಯ ಮೊದಲೇ ಹೇಳಿದ್ದಳು. ಮಾರೆಪ್ಪ ಹೂಂ ಅಂದಿದ್ದ. ನಾನೂ ಜೊತೆಗೆ ಹೋಗಿದ್ದೆ.

ಗಾಡಿ ಒಂದು ಗೇಣು ಸರಿಯಿತು, ಸರಳು ಚುಚ್ಚಿತು, ಕೆಂಪು ದೀಪ ಹಚ್ಚಿ ನಿಂತುಬಿಟ್ಟಿತು. ಮೂರು ಸಲ ಆಫ್ ಮಾಡಿ ಆನ್ ಮಾಡಿದರೂ ಅದೇ ಹಾಡು. ಅಷ್ಟರಲ್ಲಿ ಬೇರೆ ತಂಡದವರು ಒದ್ದೆ ಮಣ್ಣು ಹುಡುಕಿ ಅಗೆದೂ ಆಯಿತು. ಭವ್ಯಳ ಮುಖ ನೋಡಲಾಗುತ್ತಿರಲಿಲ್ಲ.

ಮಾರೆಪ್ಪ ನನ್ನ ಕಿವಿಯಲ್ಲಿ ಉಸುರಿದ. "ನಿಂಬಿಹಣ್ಣು ಇಟ್ಟ ಗಾಡಿ ಮುಂದ ಹೋಗಬೇಕಲ್ಲೋ, ಇದ್ಯಾಕ ನಿಂತದ?"

ಗಾಡಿ ಹಗುರ, ಹಣ್ಣು ಒಡೆಯಲಾರದು ಅಂತ ತಾನೇ ಹೋಳು ಮಾಡಿ ಗಾಲಿಯ ಮುಂದೆ ನೆಲಕ್ಕೆ ಹಿಂಡಿ, ಮೇಲೆ ಮಣ್ಣು ಸವರಿದ್ದನಂತೆ! ನನಗೆ ಮೈಯೆಲ್ಲ ಉರಿಯಿತು. "ಲೇ, ಅದರ ರಸಾನ ಸಿಕ್ಕದ ಅದಕ್ಕ. ಹೋಗಿ ಹೇಳು."

ಅವನು ಎರಡು ಹೆಜ್ಜೆ ಹೋದ, ಒಂದು ಹೆಜ್ಜೆ ಹಿಂದೆ ಬಂದ. ಹೇಳಿದರೆ ಎಲ್ಲರೆದುರು ಮಗಳಿಗೆ ನಾಚಿಕೆ, ಹೇಳದಿದ್ದರೆ ಅವಳ ವರ್ಷವೇ ಹೋಯಿತು. "ಸರ್, ನಮ್ಮ ಗಾಡೀನ ಸರಿ ಇಲ್ಲ, ಬಿಡ್ರಿ" ಅಂತ ಭವ್ಯ ಅಂದದ್ದು ಕೇಳಿಸಿದ ಮೇಲೆ ಮಾತ್ರ ಓಡಿದ.

ಶ್ರೀಪತಿಯವರು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ.

"ಇನ್ನೊಂದು ಹಣ್ಣಿದೆಯೇನ್ರಿ ಮಾರೆಪ್ಪನವರೇ? ಈ ಹುಡುಗಿಯರು ಆ ಕಡೆ ತಿರುಗಿ ನಿಲ್ಲಲಿ. ನೀವು ಎಲ್ಲಾದರೂ ಹಿಂಡಿ, ಸಿಪ್ಪೆಸಹಿತ ಮುಚ್ಚಿ ಬನ್ನಿ. ಗಾಡಿ ಹುಡುಕಿದರೆ ಅವರದು ಲೆಕ್ಕಕ್ಕೆ ಬರುತ್ತೆ."

ಮಾರೆಪ್ಪ ಬಯಲೆಲ್ಲ ಸುತ್ತಿದ. ಹತ್ತಿರ ಹೂತರೆ ಮೋಸ, ದೂರ ಹೂತರೆ ಮಗಳಿಗೆ ಕಷ್ಟ. ಎಲ್ಲೋ ಕೂತ, ಎದ್ದ, ಬೆವರುತ್ತಾ ಬಂದ.

ಈ ಸಲ ಗಾಡಿಯನ್ನು ಬೇರೆ ಕಡೆಯಿಂದ ಬಿಟ್ಟರು. ಚುಚ್ಚುತ್ತಾ ಚುಚ್ಚುತ್ತಾ ಹೋಗಿ, ಅರ್ಧ ಗಂಟೆಯಾದ ಮೇಲೆ ಒಂದು ಕಡೆ ದೀಪ ಹಚ್ಚಿತು.

"ಇದೇ ಜಾಗವೇ?" ಕೇಳಿದರು ಶ್ರೀಪತಿ.

ಮಾರೆಪ್ಪ ನಾಲ್ಕೂ ದಿಕ್ಕಿಗೆ ತಿರುಗಿದ. ಇಪ್ಪತ್ತೆಂಟು ವರ್ಷ ಈ ಮಣ್ಣಿನಲ್ಲೇ ಓಡಾಡಿದವನ ಬಾಯಿಂದ ಬಂದದ್ದು ಕೇಳಿ ನಾನು ತಲೆ ಮೇಲೆ ಕೈ ಹೊತ್ತೆ.

"ಗೊತ್ತಾಗವಲ್ದು ಸರ್. ಎಲ್ಲಾ ಒಂದ ಥರಾ ಕಾಣ್ತದ."

ಭವ್ಯ ಅಪ್ಪನ ಕಡೆ ನೋಡಲೂ ಇಲ್ಲ. ಗಾಡಿಯನ್ನೇ ನೋಡುತ್ತಿದ್ದಳು.

"ಅಗೀರಿ ಸರ್. ಇಲ್ಲೇ ಐತಿ."

ಅಗೆದರು. ಗೇಣುದ್ದ ಕೆಳಗೆ ಹಳದಿ ಸಿಪ್ಪೆ ಕಂಡಿತು. ಶ್ರೀಪತಿಯವರು ಅದನ್ನು ಲೆಕ್ಕಕ್ಕೆ ಬರೆದುಕೊಂಡರು. ಸ್ನೇಹಾ ಕಿರುಚಿದಳು, ಮಾರೆಪ್ಪ ಎಲ್ಲರೆದುರೇ ಗಳಗಳ ಅತ್ತ, ನನಗೂ ಕಣ್ಣು ತುಂಬಿತು.

ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಅವನು ಮಂಕಾಗಿ ಕೂತಿದ್ದ.

"ಇಟ್ಟಾವ ನಾನು. ನನಗ ಗೊತ್ತಿರಲಿಲ್ಲ. ಆಕಿಗೆ ಹೆಂಗ ಗೊತ್ತಾತು?"

"ಗಾಡಿ ಹೇಳ್ತಲ್ಲೋ."

"ಅದು ಹೇಳ್ತು, ಖರೆ. ನಂಬಾಕ ಯಾರು ಹೇಳಿದ್ರು? ನನ್ನ ಮುಖಾ ಸೈತ ನೋಡ್ಲಿಲ್ಲ ಆಕಿ."

ಮುಂದಿನ ಸೀಟಿನಲ್ಲಿ ಭವ್ಯ ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು.